ಗಿಳಿ ಓಡಿಸುವ ಗಾಳಗೋಲು

ಬೆಟಗೇರಿಯ ಅಂದಾನಪ್ಪನವರದು ನೂಲಿನ ಅಂಗಡಿ. ನೇಕಾರರಿಗೆ ಬೇಕಾದ ರೇಷ್ಮೆ ಮತ್ತು ಜರಿ, ದರ್ಜಿಗಳಿಗೆ ಬೇಕಾದ ದಾರದ ಉಂಡೆ ಎಲ್ಲವೂ ಅಲ್ಲಿ ಸಿಗುತ್ತವೆ. ಮನುಷ್ಯ ಗಿಡ್ಡ, ದುಂಡು ಮೈ, ಹಣೆ ತುಂಬ ವಿಭೂತಿ. ಕೇಕಿಗೆ ಮೊಟ್ಟೆ ಹಾಕುತ್ತಾರೆಂದು ಯಾರೋ ಹೇಳಿದ ಮೇಲೆ ಮಗಳ ಹುಟ್ಟುಹಬ್ಬಕ್ಕೆ ಶಿರಾವನ್ನೇ ತಟ್ಟೆಯಲ್ಲಿ ಗುಂಡಗೆ ತಟ್ಟಿಸಿ, ಅದರ ಮೇಲೆ ಮೇಣದಬತ್ತಿ ನಿಲ್ಲಿಸಿದವರು. ಇಂಥವರು ಮೀನು ಹಿಡಿಯುವ ಕೋಲು ಮಾಡುವ ಹುಚ್ಚಿಗೆ ಬಿದ್ದರೆ ಓಣಿಯವರು ಬಾಯಿ ಮುಚ್ಚಿಕೊಂಡು ಇರುತ್ತಾರೆಯೇ?

ಹುಚ್ಚು ಹತ್ತಿಸಿದವನು ತಾರೀಖ. ಹೊಸಪೇಟೆ ಕಡೆಯವನು, ಗದಗ ಸುತ್ತಲಿನ ಗುಡ್ಡಗಳ ಮೇಲೆ ನಿಂತ ಗಾಳಿಯಂತ್ರಗಳನ್ನು ಹತ್ತಿ ದುರಸ್ತಿ ಮಾಡುವ ಕೆಲಸದವನು. ಒಂದು ಮಧ್ಯಾಹ್ನ ಬಗಲಲ್ಲಿ ಉದ್ದನೆಯ ಚೀಲ ಹಿಡಿದುಕೊಂಡು ಅಂಗಡಿಗೆ ಬಂದ.

“ಕಾಕಾ, ಸಣ್ಣ ರೇಷ್ಮಿ ಎಳಿ ಬೇಕಾಗಿತ್ರಿ. ಭಾಳ ಗಟ್ಟಿ ಇರಬೇಕು.”

“ಯಾವ ಬಟ್ಟಿಗೆ ತಮ್ಮಾ?”

“ಬಟ್ಟಿಗಲ್ರಿ. ಮೀನ ಹಿಡಿಯೋ ಕೋಲಿಗೆ.”

ಅಂದಾನಪ್ಪನವರು ತೆಗೆದ ಉಂಡೆಯನ್ನು ಮತ್ತೆ ಕಪಾಟಿನಲ್ಲಿಟ್ಟರು. ಮೀನಿನ ವ್ಯವಹಾರಕ್ಕೆ ನಮ್ಮಲ್ಲಿ ನೂಲಿಲ್ಲ ಎಂದು ಹೇಳಬೇಕೆನ್ನುವಷ್ಟರಲ್ಲಿ ತಾರೀಖ ಚೀಲ ಬಿಚ್ಚಿದ. ಬೆರಳಿಗಿಂತ ಸಣ್ಣ ಕೋಲು, ತುದಿಗೆ ಹೋದಂತೆ ಕಡ್ಡಿಯಷ್ಟಾಗುತ್ತಿತ್ತು. ಉದ್ದಕ್ಕೂ ತಂತಿಯ ಪುಟ್ಟ ಉಂಗುರಗಳು. ಒಂದೊಂದು ಉಂಗುರವನ್ನೂ ದಾರ ಸುತ್ತಿ ಕೋಲಿಗೆ ಬಿಗಿದಿದ್ದರು. ಒಂದು ಕಡೆ ಮಾತ್ರ ಆ ದಾರ ಬಿಚ್ಚಿಹೋಗಿ, ಯಾರೋ ಅದನ್ನು ಮುದ್ದೆ ಮಾಡಿ ಗಂಟು ಹಾಕಿದ್ದರು. ಆ ಗಂಟು ನೋಡಿ ಅಂದಾನಪ್ಪನವರ ಮುಖ ಹುಳ್ಳಗಾಯಿತು.

“ಇದ್ಯಾರು ಹಾಕ್ಯಾರ ಈ ಗಂಟು?”

“ನಾನ ಹಾಕೀನ್ರಿ.”

“ಗಂಟೇನಿದು? ಎತ್ತಿನ ಬಾಯಿ ಕಟ್ಟಿದಂಗ ಐತಿ. ತಾ ಇಲ್ಲೆ.”

ಗಂಟನ್ನು ಕತ್ತರಿಸಿ ಬಿಸಾಡಿದರು. ಮೆರೂನ್ ಬಣ್ಣದ ರೇಷ್ಮೆ ಎಳೆ ತೆಗೆದು, ಒಂದು ಸುತ್ತಿನ ಪಕ್ಕಕ್ಕೆ ಇನ್ನೊಂದು ಸುತ್ತು ಕೂರುವಂತೆ ಸುತ್ತುತ್ತ ಹೋದರು. ಕೊನೆಯ ಎಳೆಯನ್ನು ಸುತ್ತುಗಳ ಕೆಳಗೇ ನುಸುಳಿಸಿ ಎಳೆದರು. ಗಂಟು ಎಂಬುದೇ ಕಾಣಲಿಲ್ಲ. ತಾರೀಖ ಉಗುರಿನಿಂದ ಕೆರೆದು ನೋಡಿದ, ಎಳೆ ಅಲುಗಲಿಲ್ಲ.

“ಇಷ್ಟು ಸಣ್ಣ ಕೋಲಿಗೆ ಮೀನ ಬೀಳತಾವೇನು?” ಎಂದು ಅಂದಾನಪ್ಪನವರು ಸುಮ್ಮನೆ ಕೇಳಿದರು. ಆ ಪ್ರಶ್ನೆ ಕೇಳಬಾರದಿತ್ತು ಎಂದು ಅವರ ಹೆಂಡತಿ ನೀಲಗಂಗವ್ವ ಆಮೇಲೆ ಎಷ್ಟೋ ಸಲ ಹೇಳಿದ್ದಾರೆ.

ತಾರೀಖನಿಗೆ ಅಷ್ಟೇ ಸಾಕಾಯಿತು. ಸಾಮಾನ್ಯ ಗಾಳಕ್ಕೆ ಎರೆಹುಳವೋ ಹಿಟ್ಟೋ ಚುಚ್ಚಿ, ಸೀಸದ ಗುಂಡು ಕಟ್ಟಿ ನೀರಿಗೆ ಎಸೆಯುತ್ತಾರೆ, ಗುಂಡಿನ ಭಾರಕ್ಕೆ ದಾರ ಹೋಗುತ್ತದೆ ಎಂದ. ಇದರಲ್ಲಿ ಗುಂಡೂ ಇಲ್ಲ, ಹುಳವೂ ಇಲ್ಲ. ಗರಿ, ಕೂದಲು ಕಟ್ಟಿ ನೊಣದ ಹಾಗೆ ಕಾಣುವ ಒಂದು ಪುಟ್ಟ ಕೊಕ್ಕೆ ಅಷ್ಟೇ. ಅದಕ್ಕೆ ತೂಕವೇ ಇಲ್ಲದ್ದರಿಂದ ದಾರವನ್ನೇ ದಪ್ಪ ಮಾಡಿರುತ್ತಾರೆ, ಕೋಲನ್ನು ಹಿಂದಕ್ಕೆ ಮುಂದಕ್ಕೆ ಬೀಸಿದರೆ ದಾರ ಗಾಳಿಯಲ್ಲಿ ಬಿಚ್ಚಿಕೊಂಡು ಹೋಗಿ, ಆ ನೊಣವನ್ನು ನೀರಿನ ಮೇಲೆ ಮೆಲ್ಲಗೆ ಇಡುತ್ತದೆ. ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲವೆಂದು ಅಂಗಡಿಯ ಮುಂದಿನ ಓಣಿಗಿಳಿದು, ಕೊಕ್ಕೆ ಬಿಚ್ಚಿಟ್ಟು ಬೀಸಿಯೇ ತೋರಿಸಿದ. ಹಸಿರು ದಾರ ಅವನ ತಲೆಯ ಮೇಲೆ ಹಿಂದೆ ಹೋಗಿ, ಒಂದು ಗಳಿಗೆ ತಡೆದು, ಮುಂದೆ ಬಂದು, ಮಡಿಕೆ ಬಿಚ್ಚಿದ ಸೀರೆಯಂತೆ ಓಣಿಯುದ್ದಕ್ಕೂ ಹಾಸಿಕೊಂಡಿತು. ಮಲಗಿದ್ದ ನಾಯಿಯೊಂದು ಎದ್ದು ನಡೆಯಿತು.

ಅಂದಾನಪ್ಪನವರು ಕೂತ ಜಾಗ ಬಿಟ್ಟು ಅಂಗಡಿಯ ಬಾಗಿಲಿಗೆ ಬಂದು ನಿಂತರು. ಆಮೇಲೆ ಹೇಳಿದರು: “ಇನ್ನೊಮ್ಮೆ ಒಗಿ ತಮ್ಮಾ.”

ಅಂದಿನಿಂದ ತಾರೀಖ ರಜೆ ಸಿಕ್ಕಾಗಲೆಲ್ಲ ಅಂಗಡಿಗೆ ಬರತೊಡಗಿದ. ಆದರೆ ಆ ಸ್ನೇಹ ಬಹಳ ದಿನ ನಡೆಯಲಿಲ್ಲ, ಕಂಪನಿ ಅವನನ್ನು ಗುಜರಾತಿಗೆ ವರ್ಗ ಮಾಡಿತು. ಹೋಗುವ ಮುನ್ನ ಕೋಲನ್ನು ತಂದು ಗಲ್ಲಾಪೆಟ್ಟಿಗೆಯ ಮೇಲಿಟ್ಟ.

“ನಿಮ್ಮ ಕೈಯಾಗ ಇರಲಿ ಕಾಕಾ. ನಾ ಹೋಗೋ ಕಡೆ ಬರೇ ಉಪ್ಪಿನ ಬಯಲು ಐತಂತ. ಅಲ್ಲಿ ಇದನ್ನ ತಗೊಂಡು ಏನ ಮಾಡ್ಲಿ?”

ಬೇರೆ ಯಾರಾದರೂ ಆಗಿದ್ದರೆ ಅದನ್ನು ಗೋಡೆಗೆ ನೇತು ಹಾಕುತ್ತಿದ್ದರು. ಅಂದಾನಪ್ಪನವರು ಮಾಳಿಗೆಯ ಮೇಲೆ ಒಯ್ದು ಅದರ ಎಲ್ಲ ಉಂಗುರಗಳನ್ನೂ ಬಿಚ್ಚಿದರು, ಮತ್ತೆ ಕಟ್ಟಿದರು. ಮನಸ್ಸಿಗೆ ಬರಲಿಲ್ಲವೆಂದು ಮತ್ತೆ ಬಿಚ್ಚಿದರು. ಫೋನಿನಲ್ಲಿ ಯಾವುದೋ ದೇಶದ ಬಿಳಿ ಗಡ್ಡದ ಮುದುಕನೊಬ್ಬ ಬಿದಿರಿನಿಂದ ಇಂಥದೇ ಕೋಲು ಮಾಡುವ ವಿಡಿಯೋ ಸಿಕ್ಕಿತು. ಮುದುಕನ ಮಾತು ಒಂದಕ್ಷರ ತಿಳಿಯುತ್ತಿರಲಿಲ್ಲ, ಕೈ ಮಾತ್ರ ಪೂರ್ತಿ ತಿಳಿಯುತ್ತಿತ್ತು. ಬಿದಿರನ್ನು ಸೀಳಬೇಕು. ಒಂದೊಂದು ಸೀಳನ್ನೂ ಮೂರು ಮೂಲೆ ಬರುವಂತೆ, ತುದಿಗೆ ಹೋದಂತೆ ಸಣ್ಣಗಾಗುವಂತೆ ಹೆರೆಯಬೇಕು. ಅಂಥ ಆರು ಸೀಳುಗಳನ್ನು ಅಂಟು ಹಚ್ಚಿ ಕೂಡಿಸಿ, ದಾರ ಬಿಗಿದು ಒಣಗಿಸಬೇಕು. ಸರಿಯಾಗಿ ಬಂದರೆ ಆರು ಸೀಳು ಒಂದೇ ಕೋಲಾಗಿ, ಎಲ್ಲಿ ಕೂಡಿದೆ ಎಂಬುದೇ ಕಾಣುವುದಿಲ್ಲ.

ಅಂದಾನಪ್ಪನವರ ಮೊದಲ ಕೋಲಿನಲ್ಲಿ ಎಲ್ಲವೂ ಕಾಣುತ್ತಿತ್ತು. ಎರಡನೆಯದು ಅಂಟು ಹಚ್ಚಿದ ಮಾರನೆಯ ದಿನವೇ ಬಾಯಿ ಬಿಟ್ಟಿತು. ಮೂರನೆಯದು ಬಿಲ್ಲಿನಂತೆ ಬಾಗಿ, ಹಾಗೆಯೇ ಉಳಿಯಿತು. ಬುಟ್ಟಿ ಹೆಣೆಯುವ ಮೇದಾರ ಓಣಿಯವರು ಈ ಸಾವ್ಕಾರರು ಯಾಕೆ ಇಷ್ಟು ಬಿದಿರು ಒಯ್ಯುತ್ತಾರೆಂದು ಮೊದಮೊದಲು ಆಶ್ಚರ್ಯಪಟ್ಟರು, ಆಮೇಲೆ ಗಟ್ಟಿ ಬಿದಿರು ಬಂದಾಗ ತೆಗೆದಿಡತೊಡಗಿದರು.

ಮನೆಯಲ್ಲಿ ನೀಲಗಂಗವ್ವನ ಕಾನೂನು ಖಡಕ್ಕಾಗಿತ್ತು. “ಮೀನ ಕೋಲು ಮಾಳಿಗಿ ಇಳೀಬಾರದು. ದೇವರ ಕ್ವಾಣಿ ಕಡೆ ನೆರಳೂ ಬೀಳಬಾರದು. ನಾ ಅದಕ್ಕ ಕೈ ಹಚ್ಚಂಗಿಲ್ಲ.”

ಕೈ ಹಚ್ಚಲಿಲ್ಲ, ಖರೆ. ಆದರೆ ಮಾಳಿಗೆಗೆ ಹಪ್ಪಳ ಹಾಕಲು ಬಂದವರ ಕಣ್ಣು ಸುಮ್ಮನಿರಬೇಕಲ್ಲ. ಗಂಡ ಕೆಂಪು ದಾರದ ಅಂಚಿಗೆ ನೀಲಿ ದಾರ ಸುತ್ತುತ್ತಿದ್ದುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ.

“ಅಯ್ಯ, ಕೆಂಪಿಗೆ ಆ ನೀಲಿ ಹೊಂದತೈತೇನ್ರಿ? ಇಷ್ಟು ವರ್ಷ ಸೀರಿ ನೂಲು ಮಾರೀರಿ, ಕಣ್ಣು ಎಲ್ಲಿ ಇಟ್ಟೀರಿ?”

“ಮತ್ತ ಏನ ಹಾಕ್ಲಿ?”

“ನನಗೇನ ಗೊತ್ತು? ಮೀನ ಕೋಲಿನ ಉಸಾಬರಿ ನನಗ್ಯಾಕ?” ಎಂದು ಕೆಳಗಿಳಿದರು. ಎರಡು ಮೆಟ್ಟಿಲು ಇಳಿದು ಮತ್ತೆ ತಿರುಗಿ, “ಮೆರೂನ್ ಹಾಕಿ, ಅಂಚಿಗೆ ಸಾಸಿವಿ ಹಳದಿ ಎರಡ ಎಳಿ ಹಾಕ್ರಿ. ಎರಡ ಮತ್ತ, ಮೂರಲ್ಲ,” ಎಂದರು.

ಹಿಡಿಕೆಯದು ಇನ್ನೊಂದು ಪುರಾಣ. ಹಿಡಿಕೆಗೆ ಬೂಚು ಬೇಕು, ಬಾಟಲಿಯ ಬಾಯಿಗೆ ಹಾಕುವ ಹಗುರಾದ ಮರದ ಬೂಚು. ಅಂಥವನ್ನು ಒಂದರ ಮೇಲೊಂದು ಅಂಟಿಸಿ, ತಿಕ್ಕಿ ನುಣುಪು ಮಾಡಿದರೆ ಕೈಗೆ ಬೆಚ್ಚಗೆ ಕೂರುತ್ತದೆ. ಅವು ಸಿಗುವುದು ದೊಡ್ಡ ಹೋಟೆಲಿನ ಬಾರಿನಲ್ಲಿ. ಅಂದಾನಪ್ಪನವರು ಒಂದು ಸಂಜೆ ಗದಗಿಗೆ ಹೋಗಿ, ಅಂಥದೊಂದು ಹೋಟೆಲಿನ ಹಿಂಬಾಗಿಲಲ್ಲಿ ನಿಂತು, ವೇಟರಿನಿಂದ ಒಂದು ಚೀಲ ಬೂಚು ಇಸಿದುಕೊಂಡು ಬಂದರು. ಅವರು ಬೆಟಗೇರಿಗೆ ಮರಳುವ ಮೊದಲೇ ಸುದ್ದಿ ಮನೆ ಮುಟ್ಟಿತ್ತು.

“ಬಾರಿಗೆ ಹೋಗಿದ್ರ್ಯಂತ?” ಎಂದರು ನೀಲಗಂಗವ್ವ, ಬಾಗಿಲಲ್ಲೇ ನಿಂತು.

“ಕುಡಿಯಾಕಲ್ಲ ಮಾರಾಯ್ತಿ, ಬೂಚಿನ ಸಲುವಾಗಿ.” ಚೀಲ ತೋರಿಸಿದರು.

ನೀಲಗಂಗವ್ವ ಚೀಲದೊಳಗೆ ಇಣುಕಿ ಹಣೆ ಹಣೆ ಬಡಿದುಕೊಂಡರು. “ಯಾರರೆ ಕೇಳಿದ್ರ ಕುಡಿಯಾಕ ಹೋಗಿದ್ದೆ ಅಂತನ ಹೇಳ್ರಿ. ಬೂಚು ಆರಿಸಾಕ ಹೋಗಿದ್ದೆ ಅಂದ್ರ ಮಗಳಿಗೆ ಗಂಡು ಸಿಗಂಗಿಲ್ಲ.”

ಒಂದು ಮಳೆಗಾಲ ಪೂರ್ತಿ ಹೀಗೆ ಕಳೆದ ಮೇಲೆ ಅವರಿಗೆ ಒಪ್ಪಿಗೆಯಾಗುವ ಕೋಲೊಂದು ತಯಾರಾಯಿತು. ಜೇನಿನ ಬಣ್ಣದ ಬಿದಿರು, ಮೆರೂನ್ ದಾರ, ಅಂಚಿಗೆ ಎರಡೇ ಎಳೆ ಹಳದಿ. ಬಿಚ್ಚಿ ಒಯ್ಯಲು ಬರುವಂತೆ ಮಾಡಿದ ಅದರ ಎರಡು ತುಂಡು ಜೋಡಿಸಿ ಅಲುಗಾಡಿಸಿದರೆ ತುದಿಯಿಂದ ಹಿಡಿಕೆಯವರೆಗೂ ಜೀವ ಬಂದಂತೆ ಬಳುಕುತ್ತಿತ್ತು. ಬೀಸುವುದನ್ನು ಮಾಳಿಗೆಯ ಮೇಲೆಯೇ ಕಲಿತರು. ಕೊಕ್ಕೆಯ ಬದಲು ಉಣ್ಣೆಯ ಚೂರು ಕಟ್ಟಿದ್ದರೂ ಅದು ಹೋಗಿ ಪಕ್ಕದ ಮಾಳಿಗೆಯ ಕರಿಯವ್ವನ ಸೆರಗಿಗೆ ಸಿಕ್ಕು, ಆಕೆ ಚೇಳೆಂದು ಕೂಗಿ ಇಡೀ ಓಣಿ ಕೂಡಿಸಿದಳು. ಮುಂದೆ ಬೀಸುವ ಅಭ್ಯಾಸ ಕೆರೆಯ ದಂಡೆಗೆ ವರ್ಗವಾಯಿತು. ಅಲ್ಲಿ ಬೆಳಗಿನ ವಾಕಿಂಗಿಗೆ ಬಂದವರು ನೂಲಿನ ಅಂಗಡಿಯವರು ಕೆರೆಗೆ ಚಾಟಿಯಲ್ಲಿ ಹೊಡೆಯುತ್ತಿದ್ದಾರೆಂದು ನಿಂತು ನೋಡಿದರು. ಮಗಳು ಸುಶ್ಮಿತಾ, ಗದಗಿನ ಶಾಲೆಯೊಂದರಲ್ಲಿ ಗಣಿತ ಕಲಿಸುವವಳು, ದೂರದಲ್ಲಿ ನಿಂತು ಅದನ್ನೆಲ್ಲ ಫೋನಿನಲ್ಲಿ ಹಿಡಿದುಕೊಂಡಳು.

ಕೋಲು ಮಾಡಿದವರಿಗೆ ಅದರ ಗುಣ ನೋಡಬೇಕೆನಿಸುವುದು ಸಹಜ. ಸಂಕ್ರಾಂತಿ ಕಳೆದು, ಹೊಳೆ ಇಳಿದು ತಿಳಿಯಾದ ಮೇಲೆ ಅಂದಾನಪ್ಪನವರು ಮುಂಡರಗಿ ಬಸ್ಸು ಹಿಡಿದು, ಅಲ್ಲಿಂದ ಕೊರ್ಲಹಳ್ಳಿಗೆ ಹೋಗಿ, ತುಂಗಭದ್ರೆಯ ದಂಡೆಗಿಳಿದರು. ಮಗುಚಿ ಹಾಕಿದ ಹರಿಗೋಲಿನ ನೆರಳಲ್ಲಿ ಪುಂಡಲೀಕಪ್ಪ ಎಂಬ ಮೀನುಗಾರ ಬಲೆ ಹೊಲಿಯುತ್ತ ಕುಳಿತಿದ್ದ. ವಿಭೂತಿ ಹಚ್ಚಿ, ಪಂಚೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಲ್ಲಿ ನಿಂತು ಗಾಳಿಗೆ ದಾರ ಬೀಸುವ ಮನುಷ್ಯನನ್ನು ಅವನು ಬಲೆ ಕೆಳಗಿಟ್ಟು ನೋಡಿದ.

“ಏನ್ರಿ ಸಾವ್ಕಾರ್ರ, ನೊಣ ಹೊಡ್ಯಾಕ ಬಂದೀರೇನು?”

“ನೊಣ ಹೊಡ್ಯಾಕಲ್ಲ ಪುಣ್ಯಾತ್ಮ, ನೊಣದಿಂದ್ಲೆ ಹೊಡ್ಯಾಕ.”

ಅದು ಅವನಿಗೆ ಅರ್ಥವಾಗಲಿಲ್ಲ. ಆದರೆ ನೀರು ಎಲ್ಲಿ ಕಲ್ಲಿಗೆ ಬಡಿದು ತಿರುಗುತ್ತದೆ, ಗೆಂಡೆ ಮೀನು ಎಲ್ಲಿ ಬಾಯಿ ಮೇಲೆ ಮಾಡಿ ನಿಲ್ಲುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಬೇಸರಕ್ಕೋ ಕನಿಕರಕ್ಕೋ ಅಲ್ಲಿಗೆ ಕೈ ಮಾಡಿ ತೋರಿಸಿದ. ಅಂದಾನಪ್ಪನವರು ಬೀಸಿದರು. ಕೆಲವು ಸಲ ದಾರ ಅವರ ಕಿವಿಗೇ ಸುತ್ತಿಕೊಂಡಿತು. ಕೊನೆಗೊಮ್ಮೆ ಗರಿಯ ನೊಣ ಕಲ್ಲಿನ ಪಕ್ಕದ ಸುಳಿಯ ಮೇಲೆ ಹಗುರಾಗಿ ಕೂತಿತು. ನೀರು ಒಡೆಯಿತು. ದಾರ ಬಿಗಿಯಾಯಿತು.

“ಕೋಲು ಎತ್ರಿ! ಎಳೀಬ್ಯಾಡ್ರಿ, ಆಡಾಕ ಬಿಡ್ರಿ ಅದನ್ನ!” ಪುಂಡಲೀಕಪ್ಪ ನೀರಿಗೆ ಓಡಿ ಬಂದ.

ಮಳೆಗಾಲವೆಲ್ಲ ಹೆರೆದು ಕೂಡಿಸಿದ ಆರು ಸೀಳು ಒಂದಾಗಿ ಬಾಗಿದವು. ಮೀನು ಎಡಕ್ಕೆ ತಿರುಗಿದರೆ ಅಂಗೈಗೆ ಗೊತ್ತಾಗುತ್ತಿತ್ತು, ತಲೆ ಕೊಡವಿದರೆ ಗೊತ್ತಾಗುತ್ತಿತ್ತು. ಅಂದಾನಪ್ಪನವರ ಬಾಯಲ್ಲಿ “ಶಿವಶಿವಾ” ಒಂದೇ. ಮೀನು ಹತ್ತಿರ ಬಂದಾಗ ಮುಟ್ಟುವ ಧೈರ್ಯವಾಗದೆ ಕಣ್ಣು ಮುಚ್ಚಿ ನಿಂತುಬಿಟ್ಟರು. ಪುಂಡಲೀಕಪ್ಪನೇ ಕೊಕ್ಕೆ ಬಿಡಿಸಿದ. ಹೊಳೆಯುವ, ಮೊಳದುದ್ದದ ಗೆಂಡೆ.

“ಮಸ್ತ್ ಐತ್ರಿ. ರಾತ್ರಿ ಸಾರಿಗೆ ಆತು.”

“ಬಿಟ್ಟುಬಿಡ್ರಿ,” ಎಂದರು ಅಂದಾನಪ್ಪನವರು, ಕಣ್ಣು ಬಿಡದೆಯೇ.

“ಏನು?”

“ಹೊಳ್ಯಾಗ ಬಿಡ್ರಿ ಅದನ್ನ.”

ಪುಂಡಲೀಕಪ್ಪ ಮೀನನ್ನು ನೋಡಿದ, ಇವರನ್ನು ನೋಡಿದ. “ಅಲ್ರಿ, ಗದಗಿನಿಂದ ಬಸ್ಸ ಹತ್ತಿ ಬಂದು, ಇಷ್ಟು ಒದ್ದಾಡಿ ಹಿಡಿದು, ಬಿಟ್ಟು ಹೊಕ್ಕೀರಿ? ಮನ್ಯಾಗ ಯಾರರೆ ಹರಕಿ ಹೊತ್ತಾರೇನು?”

ಆದರೂ ಬಿಟ್ಟ. ಮೀನು ಬಾಲ ಅಲ್ಲಾಡಿಸಿ ಹೋಯಿತು. ಇಬ್ಬರೂ ಅದು ಹೋದ ದಿಕ್ಕನ್ನೇ ನೋಡುತ್ತ ನಿಂತರು, ಒಬ್ಬರು ಸಂತೋಷದಿಂದ, ಇನ್ನೊಬ್ಬ ಸಂಕಟದಿಂದ. ಆಮೇಲೆ ಹರಿಗೋಲಿನ ನೆರಳಲ್ಲಿ ಅಂದಾನಪ್ಪನವರ ಬುತ್ತಿಯ ರೊಟ್ಟಿ ಹಂಚಿಕೊಂಡು ತಿಂದರು. “ಮುಂದ ಯಾವಾಗ ಬರತೀರಿ?” ಎಂದು ಪುಂಡಲೀಕಪ್ಪ ಕೇಳಿದ್ದನ್ನು ನೋಡಿದರೆ ಸಂಕಟ ಬಹಳ ಹೊತ್ತು ಉಳಿದಂತಿರಲಿಲ್ಲ.

ಊರಿಗೆ ಬಂದವರು ಕೋಲಿಗೆ ಮತ್ತೊಂದು ಕೈ ವಾರ್ನಿಶ್ ಬಳಿದು, ಮಾಳಿಗೆಯ ಮೇಲಿನ ತಗಡಿನ ಕೋಣೆಯಲ್ಲಿ ತೂಗುಹಾಕಿದರು. ಅದೇ ವಾರ ಸುಶ್ಮಿತಾಳನ್ನು ನೋಡಲು ಶಿರಹಟ್ಟಿಯಿಂದ ಬೀಗರಾಗುವವರು ಬಂದರು. ಹುಡುಗ ನಂದೀಶ, ಊರಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವನು. ತಂದೆ ಶಿವಯೋಗಿ, ಆರಡಿ ಎತ್ತರದ ಆಳು, ಪೇರಲ ತೋಟದ ಒಡೆಯರು. ಆಚಾರದ ಮನೆತನ. ಬೆಳ್ಳುಳ್ಳಿ ಹಾಕಿದ ಚಟ್ನಿಯನ್ನೂ ಎರಡು ಸಲ ನೋಡಿ ತಿನ್ನುವವರು ಎಂದು ಮಧ್ಯಸ್ಥರು ಮೊದಲೇ ಹೇಳಿದ್ದರು.

ಉಪ್ಪಿಟ್ಟು, ಶಿರಾ ಆಯಿತು. ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಬಿಟ್ಟಾಗ ಶಿವಯೋಗಿಯವರು ಗಾಳಿಗೆಂದು ಮಾಳಿಗೆ ಹತ್ತಿದರು. ಅಂದಾನಪ್ಪನವರಿಗೆ ತಗಡಿನ ಕೋಣೆ ನೆನಪಾಯಿತು. ಗಂಡ ಹೆಂಡತಿ ಹಿಂದೆಯೇ ಓಡಿದರು. ಅಷ್ಟರಲ್ಲಿ ಕೋಲು ಶಿವಯೋಗಿಯವರ ಕೈಯಲ್ಲಿತ್ತು.

“ಏನ್ರಿ ಬೀಗರ ಇದು? ಭಾರಿ ನಾಜೂಕ ಐತಲ್ಲ!”

ಅಂದಾನಪ್ಪನವರು ಬಾಯಿ ತೆರೆದರು. ಅದಕ್ಕಿಂತ ಮುಂಚೆ ನೀಲಗಂಗವ್ವನ ಬಾಯಿಂದ ಮಾತು ಬಿದ್ದಿತ್ತು.

“ಗಿಳಿ ಓಡಿಸೋ ಕೋಲ್ರಿ!”

“ಗಿಳಿ?”

“ಹೂಂನ್ರಿ. ಮಾಳಿಗಿ ಮ್ಯಾಲ ಕಾಳು ಹಾಕಿದ್ರ ಗಿಳಿ ಬಿಡಂಗಿಲ್ಲ.”

“ಮತ್ತ ಈ ಉಂಗುರ?”

“ಅದಕ್ಕ ಗೆಜ್ಜಿ ಕಟ್ಟೋದ್ರಿ. ಸಪ್ಪಳ ಆಕ್ಕೈತಲ್ಲ.”

ಶಿವಯೋಗಿಯವರ ಮುಖ ಅರಳಿತು. ಅವರ ಪೇರಲ ತೋಟಕ್ಕೆ ಗಿಳಿಗಳ ಕಾಟ ಹೇಳತೀರದು. ಕವಣೆ ಬೀಸಿ ಸೋತಿದ್ದರು, ತಗಡು ಬಡಿದು ಸೋತಿದ್ದರು. “ಇಂಥಾದ್ದು ಒಂದು ನನಗೂ ಬೇಕಿತ್ತಲ್ರಿ,” ಎಂದು ಕೋಲನ್ನು ಗಾಳಿಯಲ್ಲಿ ಆಡಿಸಿದರು. ಬೀಗರಾಗುವವರು ಬಾಯಿ ಬಿಟ್ಟು ಕೇಳಿದ ಮೇಲೆ ಇಲ್ಲವೆನ್ನುವುದು ಹೇಗೆ? ಮಳೆಗಾಲ ಪೂರ್ತಿ ತಪಸ್ಸು ಮಾಡಿದ ಕೋಲು ಶಿರಹಟ್ಟಿಯವರ ಜೀಪಿನ ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು ಹೋಗಿಬಿಟ್ಟಿತು. ಅಂದಾನಪ್ಪನವರು ಕೈ ಮುಗಿದು ಕಳಿಸಿ, ಒಳಗೆ ಬಂದು ನೆಲದ ಮೇಲೆ ಕೂತರು.

“ಗಿಳಿ ಎಲ್ಲಿಂದ ಬಂತು ನಿನ್ನ ಬಾಯಾಗ?”

“ಬಂದ್ಬಿಡ್ತು. ನಾ ಏನ ಮಾಡ್ಲಿ?” ನೀಲಗಂಗವ್ವನಿಗೂ ಕೆಟ್ಟೆನಿಸಿತ್ತು. “ಮೀನ ಕೋಲು ಅಂದಿದ್ರ ಹುಡುಗಿ ಗತಿ ಏನಾಗ್ತಿತ್ತು?”

ಅಂದಿನಿಂದ ಅಂದಾನಪ್ಪನವರಿಗೆ ಊಟ ರುಚಿಸಲಿಲ್ಲ. ಗಿರಾಕಿ ಹಸಿರು ಕೇಳಿದರೆ ಹಳದಿ ಕೊಟ್ಟರು. ಅಂಗಡಿಯ ಮುಂದೆ ಗಿಳಿಶಾಸ್ತ್ರದವನು ಬಂದು ಕುಳಿತಾಗ ಅವನನ್ನು ಗದರಿಸಿ ಕಳಿಸಿದರು. ಅತ್ತ ಶಿರಹಟ್ಟಿಯಿಂದ ಹುಡುಗಿ ಒಪ್ಪಿಗೆ ಎಂಬ ಖಬರ ಬಂತು. ಹುಡುಗನ ಮನೆ ನೋಡಿ ಮುಂದಿನ ಮಾತಾಡೋಣ, ಸುಶ್ಮಿತಾಳನ್ನೂ ಕರೆದುಕೊಂಡು ಬನ್ನಿರಿ ಎಂದರು. ಹುಡುಗಿಯನ್ನು ಕರೆದೊಯ್ಯುವ ಪದ್ಧತಿ ಇಲ್ಲ ಎಂದು ನೀಲಗಂಗವ್ವ ತಕರಾರು ತೆಗೆದರೂ, ಆ ಮನೆಯಲ್ಲಿ ಬಾಳುವವಳು ತಾನೇ ಎಂದು ಸುಶ್ಮಿತಾ ಮೊದಲು ಹೋಗಿ ಕಾರಿನಲ್ಲಿ ಕೂತಳು.

ಶಿರಹಟ್ಟಿಯಲ್ಲಿ ಶಿವಯೋಗಿಯವರು ಅವರನ್ನು ಮನೆಯೊಳಗೂ ಕರೆಯದೆ ನೇರ ತೋಟಕ್ಕೆ ಕರೆದೊಯ್ದರು. “ಬರ್ರಿ ಬೀಗರ, ನಿಮ್ಮ ಕೋಲಿನ ಕರಾಮತ್ತು ನೋಡ ಬರ್ರಿ.”

ಪೇರಲ ಗಿಡಗಳ ನಡುವೆ ಕೋಲು ನಿಂತಿತ್ತು. ಪ್ರತಿ ಉಂಗುರಕ್ಕೂ ಎತ್ತಿನ ಕೊರಳಿನ ಗೆಜ್ಜೆ, ನಡುವೆ ಕೆಂಪು ಅರಿವೆ, ಮೇಲೊಂದು ಹಳೆಯ ಸಿಡಿ. ಮೂರು ಗಿಳಿಗಳು ಅದರ ಪಕ್ಕದ ಕೊಂಬೆಯಲ್ಲೇ ಕೂತು ಪೇರಲ ತಿನ್ನುತ್ತಿದ್ದವು.

“ಗಿಳಿ ಅಷ್ಟೇನ ಅಂಜವಲ್ವು, ಆದ್ರ ಕೋಲು ಮಾತ್ರ ಭಾಳ ಉಪಯೋಗದ್ದು,” ಎಂದರು ಶಿವಯೋಗಿ. “ಮ್ಯಾಲಿನ ಕಾಯಿ ಹರ್ಯಾಕ ಬಾಗತೈತಿ, ಮುರ್ಯಂಗಿಲ್ಲ. ಈಗ ನೋಡ್ರಿ, ತುದಿಗೆ ಕುಡಗೋಲು ಕಟ್ಟಿ...” ಎಂದವರೇ ಸೊಂಟದಿಂದ ಕುಡಗೋಲು ತೆಗೆದು, ಕಡ್ಡಿಯಷ್ಟು ಸಣ್ಣ ಆ ತುದಿಗೆ ಹಗ್ಗದಿಂದ ಬಿಗಿಯತೊಡಗಿದರು.

ಅಂದಾನಪ್ಪನವರ ಗಂಟಲಿನಿಂದ ಕರು ಕೂಗಿದಂಥ ಸದ್ದೊಂದು ಹೊರಟಿತು. ನೀಲಗಂಗವ್ವ ಗಂಡನ ಕೈ ಚಿವುಟಿದರು. ಸುಶ್ಮಿತಾ ಮುಂದೆ ಹೋಗಿ ಕುಡಗೋಲು ಹಿಡಿದುಕೊಂಡಳು.

“ಮಾವಾರ, ಬ್ಯಾಡ್ರಿ. ಅದು ಗಿಳಿ ಕೋಲಲ್ಲ. ಮೀನ ಹಿಡಿಯೋ ಕೋಲು. ನಮ್ಮ ಅಪ್ಪಾರು ಸ್ವತಃ ಮಾಡ್ಯಾರ.”

ಗೆಜ್ಜೆಗಳು ಒಮ್ಮೆ ಸದ್ದು ಮಾಡಿ ಸುಮ್ಮನಾದವು. ನೀಲಗಂಗವ್ವ ಸೆರಗು ಬಾಯಿಗೆ ಹಿಡಿದರು. ಶಿವಯೋಗಿಯವರು ಕೋಲನ್ನು ಕೈಯಿಂದ ಸ್ವಲ್ಪ ದೂರ ಹಿಡಿದು, ಹಾವು ನೋಡಿದಂತೆ ನೋಡಿದರು. ನಂದೀಶ ಮಾತ್ರ ನಗು ತಡೆಯಲಾರದೆ ಗಿಡದ ಮರೆಗೆ ಸರಿದ. ಸುಶ್ಮಿತಾ ಕಳಿಸಿದ ಕೆರೆ ದಂಡೆಯ ವಿಡಿಯೋ ಅವನ ಫೋನಿಗೆ ಬಂದು ಬಹಳ ದಿನವಾಗಿತ್ತು.

ಆಗ ಬಾವಿಕಟ್ಟೆಯ ಮೇಲೆ ಕುಳಿತಿದ್ದ ಶಿವಯೋಗಿಯವರ ತಾಯಿ ಫಕೀರವ್ವ ಕೋಲೂರುತ್ತ ಬಂದರು. ಆ ಮನೆಯ ಹೈಕೋರ್ಟು ಅದು.

“ಮೀನ ತಿಂತೀಯೇನೋ ತಮ್ಮಾ?”

“ಇಲ್ರಿ ಯವ್ವಾ, ಲಿಂಗದಾಣಿ.”

“ಮಾರ್ತೀಯೇನು?”

“ಇಲ್ರಿ.”

“ಮತ್ತ ಹಿಡಿದು ಏನ ಮಾಡ್ತೀ?”

“ಬಿಟ್ಟು ಬಿಡ್ತೀನ್ರಿ.”

“ಬಿಡೋದಿದ್ರ ಅದಕ್ಯಾಕ ತ್ರಾಸ ಕೊಡ್ತೀ? ಅದೇನ ನಿನ್ನ ಅಂಗಡಿಗೆ ಬಂದಿತ್ತೇನು?”

ಕೊರ್ಲಹಳ್ಳಿಯಲ್ಲಿ ಕಣ್ಣು ಮುಚ್ಚಿ ನಿಂತಾಗ ಅಂದಾನಪ್ಪನವರ ಮನಸ್ಸೂ ಇದನ್ನೇ ಕೇಳಿತ್ತು. ಹಣೆಯ ಬೆವರು ಒರೆಸಿಕೊಂಡು, ಸುಳ್ಳು ಹೇಳಿ ಸಾಕಾದವರಂತೆ ನಿಜ ಹೇಳಿದರು.

“ತ್ರಾಸ ಆಕ್ಕೈತಿ ಯವ್ವಾ, ಖರೆ. ನನಗ ಮೀನಿನ ಆಸೆ ಇಲ್ರಿ. ಕೋಲು ಮಾಡೋದು ಚಂದ ಅನಸ್ತೈತಿ. ಬಿದಿರು ಸೀಳಿ, ಹೆರೆದು, ನೂಲು ಸುತ್ತಿ ಮಾಡಿದ್ದು ಹೆಂಗ ಬಾಗತೈತಿ ಅಂತ ನೋಡಬೇಕಲ್ರಿ. ಅದಕ್ಕ ಆ ಕಡೆ ಜೀವ ಇದ್ದದ್ದು ಒಂದು ಎಳೀಬೇಕು.”

ಫಕೀರವ್ವ ಕೋಲನ್ನು ಇಸಿದುಕೊಂಡು, ದಾರದ ಸುತ್ತುಗಳ ಮೇಲೆ ಬೆರಳಾಡಿಸಿದರು. ಗೆಜ್ಜೆ ಕಟ್ಟಿದ ಮಗನ ಕಡೆ ನೋಡಿದರು.

“ಎಳ್ಯಾಕ ಜೀವ ಬೇಕಂದ್ರ ಮೀನ ಯಾಕ ಬೇಕು? ನಮ್ಮ ಶಿವಯೋಗಿನ್ನ ಕಟ್ಟು. ಉಂಡು ಉಂಡು ಬೆಳದಾನ, ಎಳೀಲಿ.”

ಮೊದಲು ನಕ್ಕವರು ನೀಲಗಂಗವ್ವ, ತಡೆಯಲಾರದೆ. ಆಮೇಲೆ ಎಲ್ಲರೂ. ಶಿವಯೋಗಿಯವರೂ ನಕ್ಕು, ತಮಾಷೆಗೇ ಎನ್ನುವಂತೆ, “ಆತು ಕಟ್ರಿ, ನೋಡೇ ಬಿಡೂಣು,” ಎಂದು ಅಂಗಿಯ ತೋಳೇರಿಸಿದರು. ನಂದೀಶ ಅಂಗಡಿಯ ಸುತಳಿ ತಂದ. ಅಂದಾನಪ್ಪನವರು ಗೆಜ್ಜೆ, ಅರಿವೆ, ಸಿಡಿ ಎಲ್ಲ ಬಿಚ್ಚಿ, ಸುತಳಿಯನ್ನು ಉಂಗುರಗಳಲ್ಲಿ ಪೋಣಿಸಿ, ಒಂದು ತುದಿಯನ್ನು ಬೀಗರ ಕೈಗೆ ಕೊಟ್ಟು, ಇನ್ನೊಂದನ್ನು ತಮ್ಮ ಎಡಗೈಗೆ ಸುತ್ತಿಕೊಂಡರು.

“ಮೊದ್ಲ ಮೆಲ್ಲಕ ಹೋಗ್ರಿ. ಆಮ್ಯಾಲ ಸಿಕ್ಕೊಂಡೇನಿ ಅನ್ನೋಹಂಗ ಓಡ್ರಿ.”

ಆರಡಿಯ ಶಿವಯೋಗಿಯವರು ಪೇರಲ ಗಿಡಗಳ ನಡುವೆ ಓಡಿದರು. ಕೋಲು ಬಾಗಿತು, ತುದಿ ಮೊದಲು, ಆಮೇಲೆ ನಡು, ಆಮೇಲೆ ಹಿಡಿಕೆಯ ಬುಡದವರೆಗೆ. ಅವರು ಎಡಕ್ಕೆ ಹೊರಳಿದರೆ ಅಂದಾನಪ್ಪನವರು ಸುತಳಿ ಸಡಿಲ ಬಿಟ್ಟು ಕೋಲನ್ನು ಬಲಕ್ಕೆ ವಾಲಿಸಿದರು, ತಲೆ ಕೊಡವಿದರೆ ತಡೆದು ನಿಂತರು. ಗಿಳಿಗಳು ಹೆದರಿ ಎದ್ದು ಹಾರಿದ್ದು ಆಗಲೇ. ಕೊನೆಗೆ ಬೀಗರು ಏದುಸಿರು ಬಿಡುತ್ತ, ತಾವಾಗಿ ಎಳೆಸಿಕೊಂಡು ಬಂದು ಎದುರಿಗೆ ನಿಂತರು. ಮುಖ ಕೆಂಪಾಗಿತ್ತು.

“ಏನ್ರಿ ಬೀಗರ ಇದು! ಎಳದಂಗೂ ಇಲ್ಲ, ಬಿಟ್ಟಂಗೂ ಇಲ್ಲ. ಕೈ ಹಿಡಿದು ಮನಿಗೆ ಬಾ ಅಂತ ಕರದಂಗ ಆಗತೈತಿ!”

“ಅಷ್ಟ್ರಿ. ಅಷ್ಟ ಆಗಬೇಕ್ರಿ,” ಎಂದರು ಅಂದಾನಪ್ಪನವರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಇಷ್ಟು ದಿನದಲ್ಲಿ ಆ ಕೋಲಿನ ಬಗ್ಗೆ ಒಬ್ಬರಾದರೂ ಸರಿಯಾದ ಮಾತು ಹೇಳಿದ್ದರು, ಅದೂ ಮೀನಿನ ಕಡೆಯಿಂದ.

ಮದುವೆಯ ಮಾತು ಅಲ್ಲೇ ಬಾವಿಕಟ್ಟೆಯ ಮೇಲೆ ಮುಗಿಯಿತು. ಫಕೀರವ್ವ ಸುಶ್ಮಿತಾಳ ಗಲ್ಲ ಹಿಡಿದು, “ಈ ಹುಡುಗಿ ಇದ್ದದ್ದು ಇದ್ದಂಗ ಹೇಳ್ತಾಳ, ನಮ್ಮನ್ಯಾಗ ಅಂಥಾದ್ದೊಂದು ಬೇಕಿತ್ತು,” ಎಂದರು. ಅಂದಾನಪ್ಪನವರಿಗೆ ಮಾತ್ರ ಬೇರೆಯೇ ಅಪ್ಪಣೆಯಾಯಿತು: ಮೀನಿನ ಬಾಯಿಗೆ ಗಾಯವಾಗಬಾರದು. ಅವರು ಅಂದೇ ಮನೆಗೆ ಬಂದು ಇದ್ದ ಕೊಕ್ಕೆಗಳ ಹಿಂಬದಿಯ ಮುಳ್ಳನ್ನೆಲ್ಲ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರು. ಈಗ ಚುಚ್ಚಿದ ಕೊಕ್ಕೆ ಸುಲಭವಾಗಿ ಜಾರುತ್ತದೆ. ಮುದುಕಿಗೆ ಅದೂ ಪೂರ್ತಿ ಸಮಾಧಾನವಿಲ್ಲ, ಸಿಕ್ಕಾಗಲೆಲ್ಲ ಅದೇ ಪ್ರಶ್ನೆ ಕೇಳುತ್ತಾರೆ. ಇವರು ಪ್ರತಿಸಲವೂ ತಲೆ ಕೆರೆದುಕೊಳ್ಳುತ್ತಾರೆ.

ಮದುವೆಯ ಗದ್ದಲ ಮುಗಿದ ಮೇಲೆ, ಎರಡೂ ಮನೆಯವರು ಬುತ್ತಿ ಕಟ್ಟಿಕೊಂಡು ಕೊರ್ಲಹಳ್ಳಿಗೆ ಹೋದರು. ಶಿವಯೋಗಿಯವರಿಗೆ ತಾವೂ ಒಮ್ಮೆ ಈ ಕಡೆಯಿಂದ ಎಳೆಯಬೇಕೆಂಬ ಹಟ. ಪುಂಡಲೀಕಪ್ಪ ಹೊಸಬರನ್ನು ಕಲ್ಲಿನ ಹತ್ತಿರ ನಿಲ್ಲಿಸಿದ. “ಇವರೂ ಬಿಡೋ ಪೈಕಿ ಏನ್ರಿ?” ಎಂದು ಅಂದಾನಪ್ಪನವರನ್ನು ಕೇಳಿ, ಹೌದೆಂದಾಗ ನಿಟ್ಟುಸಿರು ಬಿಟ್ಟ.

ಶಿವಯೋಗಿಯವರ ಬೀಸು ಜೋಳದ ಹೊಲದಲ್ಲಿ ಹಕ್ಕಿ ಹೊಡೆಯುವವರದು. ಆದರೂ ಹೊಳೆಗೆ ದಯೆ ಬಂದಿತೋ ಏನೋ, ಮಧ್ಯಾಹ್ನದ ಹೊತ್ತಿಗೆ ದೊಡ್ಡದೊಂದು ಮೀನು ನೀರಿನಿಂದ ಮೇಲೆದ್ದು ನೊಣವನ್ನು ಕಚ್ಚಿತು. ಅದರ ಬಿಳಿ ಹೊಟ್ಟೆ ಎದುರಿಗೇ ಫಳ್ ಎಂದಾಗ ಶಿವಯೋಗಿಯವರು, “ಯಪ್ಪಾ!” ಎಂದು ಕೂಗಿ ಕೋಲನ್ನೇ ಹೊಳೆಗೆ ಒಗೆದು ದಂಡೆಗೆ ಓಡಿಬಂದರು. ಮೀನು ಕೋಲನ್ನು ಎಳೆದುಕೊಂಡು ನಡುಹೊಳೆಗೆ ಹೊರಟಿತು.

“ಹರಿಗೋಲು ಹಾಕ್ರಿ! ಹರಿಗೋಲು!” ಎಂದು ನಂದೀಶ ಕೂಗಿದ. ಪುಂಡಲೀಕಪ್ಪ ಆಗಲೇ ಹರಿಗೋಲಿನೊಳಗೆ ಹಾರಿದ್ದ. ಗುಂಡಗೆ ತಿರುಗುವ ಹರಿಗೋಲು, ಮುಂದೆ ತೇಲುವ ಕೋಲು, ದಂಡೆಯ ಮೇಲೆ ನೀಲಗಂಗವ್ವನ ಕೂಗು. ಎರಡು ಬಂಡೆಗಳ ನಡುವೆ ಕೋಲು ಸಿಕ್ಕಿಕೊಂಡಾಗ ಅವನು ಅದನ್ನು ಎತ್ತಿದ. ಮೀನು ಜಾರಿ ಹೋಗಿತ್ತು. ಕೋಲಿನ ತುದಿ ಗೇಣುದ್ದ ಮುರಿದು, ದಾರದಿಂದ ಜೋತಾಡುತ್ತಿತ್ತು.

ಶಿವಯೋಗಿಯವರು ಒದ್ದೆ ಪಂಚೆಯಲ್ಲಿ ತಪ್ಪು ಮಾಡಿದ ಹುಡುಗನಂತೆ ನಿಂತಿದ್ದರು. “ಬೀಗರ, ನನ್ನ ಕೈಯಾರೆ ಹಾಳ ಮಾಡಿಬಿಟ್ಟೆ...” ಎಂದರು. ನೀಲಗಂಗವ್ವ ಗಂಡನ ಮುಖವನ್ನೇ ನೋಡುತ್ತಿದ್ದರು.

ಅಂದಾನಪ್ಪನವರು ಮುರಿದ ತುದಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. ಉಗುರಿನಿಂದ ಸೀಳಿನ ಅಂಚು ಕೆರೆದರು. ಮೂಸಿ ಕೂಡ ನೋಡಿದರು.

“ಇಲ್ಲೆ ನೋಡ್ರಿ, ಗಿಣ್ಣಿನ ಹತ್ರ ಜರಾ ಜಾಸ್ತಿ ಹೆರದೇನಿ. ನಿಮ್ಮ ತಪ್ಪಲ್ಲ ಬಿಡ್ರಿ,” ಎಂದರು. ದನಿಯಲ್ಲಿ ದುಃಖದ ಸುಳಿವೇ ಇರಲಿಲ್ಲ. “ಪುಂಡಲೀಕಪ್ಪಾ, ಹೊಳಿ ಆಚೆ ಕಡೆ ಗಟ್ಟಿ ಬಿದಿರು ಸಿಗತೈತಿ ಅಂದಿದ್ಯಲ್ಲ, ಯಾವ ಊರಾಗ?”

“ಸಿಗತೈತ್ರಿ. ಆದ್ರ ಈಗ ಯಾಕ?”

“ಹೊಸಾದು ಮಾಡಬೇಕಲ್ಲ! ಇದು ಮುರೀಲಿಲ್ಲಂದ್ರ ಮತ್ತ ಮಾಡಾಕ ನೆವ ಎಲ್ಲಿತ್ತು?”

“ಮೊದ್ಲ ಬಂದು ಉಣ್ರಿ,” ಎಂದು ನೀಲಗಂಗವ್ವ ಬುತ್ತಿ ಬಿಚ್ಚಿದರು. ಅಂದಾನಪ್ಪನವರು ಬಂದು ಕೂತರು. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಆ ಮುರಿದ ತುದಿ. ಎಣ್ಣೆಗಾಯಿ ಪಲ್ಯ ಅಂಗಿಯ ಮೇಲೆ ಬಿದ್ದದ್ದು ಅವರಿಗೆ ತಿಳಿಯಲೇ ಇಲ್ಲ.